ಕುರುಚಲು ಕಾಡಿಗೊಂದು ಜನಮತ: ದುರ್ಗದ ಸೀಮೆಯ ಜೀವವೈವಿಧ್ಯ ಮತ್ತು ಸಂವಹನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕಾಡು ಹೊರಗಿನವರ ಕಣ್ಣಿಗೆ ಕಾಡಿನಂತೆ ಕಾಣುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾಗುವ ಈ ನೆಲದಲ್ಲಿ ಕಾರೆ, ಬಾರೆ, ಜಾಲಿ, ತುಗ್ಗಲಿ ಬೆಳೆಯುತ್ತವೆ. ನಡುನಡುವೆ ಬಾದೆ ಹುಲ್ಲು. ಈ ಪೊದೆ ಮತ್ತು ಬಂಡೆಗಳ ಮರೆಯಲ್ಲೇ ಕರಡಿ, ಚಿರತೆ, ಕೊಂಡಕುರಿಗಳಿವೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಸಿಗದ ಹಳದಿ ಕೊರಳಿನ ಪಿಕಳಾರಕ್ಕೂ ಇಂಥದೇ ನೆಲೆ ಬೇಕು. ಚಿತ್ರದುರ್ಗದ ಮಗ್ಗುಲಲ್ಲೇ ಇರುವ ಜೋಗಿಮಟ್ಟಿ ವನ್ಯಜೀವಿಧಾಮವಾದದ್ದು 2015ರಲ್ಲಿ. ಕಾನೂನಿನ ರಕ್ಷಣೆ ಹೀಗೆ ದೊರೆತರೂ ಜನಮತದ ರಕ್ಷಣೆ ಇನ್ನೂ ಪೂರ್ತಿ ದೊರೆತಿಲ್ಲ.

ಇದಕ್ಕೆ ಮುಖ್ಯ ಕಾರಣ, ಪರಿಸರದ ಮಾತೆಲ್ಲ ಮಲೆನಾಡಿನಿಂದ ಎರವಲು ಬಂದಿರುವುದು. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಆರಂಭವಾದಾಗ ತಬ್ಬಿಕೊಳ್ಳಲು ಮರಗಳಿದ್ದವು. ಬಯಲುಸೀಮೆಯ ಶಾಲೆಗಳ ಗೋಡೆಯ ಮೇಲೂ ಹುಲಿ, ಜಲಪಾತ, ದಟ್ಟ ಹಸಿರಿನ ಚಿತ್ರಗಳೇ ಇರುತ್ತವೆ. ಪರಿಸರ ದಿನವೆಂದರೆ ಗಿಡ ನೆಡುವ ದಿನ. ಆದರೆ ಹುಲ್ಲುಗಾವಲಿನಲ್ಲಿ ಒತ್ತೊತ್ತಾಗಿ ನೀಲಗಿರಿ, ಅಕೇಶಿಯ ನೆಟ್ಟರೆ ಕೃಷ್ಣಮೃಗಕ್ಕೂ ಎರೆಭೂತ ಹಕ್ಕಿಗೂ ನೆಲೆ ತಪ್ಪುತ್ತದೆ, ಏಕೆಂದರೆ ಅವುಗಳಿಗೆ ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ತಪ್ಪು ಸಂದೇಶ ಮೌನಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು.

ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ, ಅಂದರೆ ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳ, ಪ್ರಕರಣ ಇಲ್ಲಿ ಮುಖ್ಯ. ದೊಡ್ಡ ಉಳ್ಳಾರ್ತಿ, ಖುದಾಪುರ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲನ್ನು ರಕ್ಷಣೆ, ಅಣು, ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗಳಿಗೆ ಕೊಡಲಾಯಿತು. ಅಲ್ಲಿ ದನ, ಕುರಿ ಮೇಯಿಸುತ್ತಿದ್ದ ಹಳ್ಳಿಗಳ ಅನೇಕರಿಗೆ ವಿಷಯದ ಪೂರ್ಣ ಅರಿವಾದದ್ದು ಕಾಂಪೌಂಡು ಏಳತೊಡಗಿದ ಮೇಲೆ. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಮಾಹಿತಿ ನಿರ್ಧಾರಕ್ಕೆ ಮುಂಚೆ ಬಂದರೆ ಜನಾಭಿಪ್ರಾಯವಾಗುತ್ತದೆ, ಅನಂತರ ಬಂದರೆ ದೂರು ಅರ್ಜಿಯಾಗುತ್ತದೆ. ಧಾರವಾಡ ಸೀಮೆಯ ಕುಸನೂರಿನಲ್ಲಿ ಆದದ್ದು ಬೇರೆ. ಗ್ರಾಮಗಳ ಸಾಮೂಹಿಕ ಭೂಮಿಯಲ್ಲಿ ಕಂಪನಿಯೊಂದು ನೀಲಗಿರಿ ಬೆಳೆಸಲು ಹೊರಟಾಗ, 1987ರ ನವೆಂಬರ್ 14ರಂದು ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ಹಚ್ಚುವ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ಅಲ್ಲಿ ಮೇವು, ಸೌದೆ, ಹಣ್ಣಿನ ಭಾಷೆಯಲ್ಲಿ ಮಾತು ನಡೆದಿತ್ತು. ಜೀವವೈವಿಧ್ಯ ಎಂಬ ಪದ ಆಗಿನ್ನೂ ಊರುಗಳಿಗೆ ಬಂದಿರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ.

ದುರ್ಗದ ಸೀಮೆಗೆ ಇಂಥ ಭಾಷೆ ಹೊಸದೇನಲ್ಲ. ಇಲ್ಲಿನ ಪಶುಪಾಲಕ ಸಮುದಾಯವಾದ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಕಿಲಾರಿಗಳು ಕಾಯುತ್ತಾರೆ. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯ ದನ ಕಾಯುವವರ ಬದುಕಿನಿಂದಲೇ ಹುಟ್ಟಿದ್ದು. ಕಾವಲು ಕರಗಿದರೆ ದೇವರ ಎತ್ತುಗಳಿಗೆ ಮೇವಿಲ್ಲ. ಆ ಮೇವಿನ ಚಿಂತೆಯೇ ಹುಲ್ಲಿನ ನಡುವೆ ಗೂಡು ಕಟ್ಟುವ ಹಕ್ಕಿಯ ಪರವಾದ ಮಾತೂ ಆಗಬಲ್ಲದು. ಕಿಲಾರಿಗೆ ಗೊತ್ತಿರುವ ಹುಲ್ಲುಗಳ ಹೆಸರನ್ನು ಮೊದಲು ಕೇಳಿಕೊಂಡು, ಆಮೇಲೆ ಹೇಳಬೇಕಾದ್ದನ್ನು ಹೇಳುವುದು ಸಂವಹನದ ಸರಿಯಾದ ಕ್ರಮ. ಇಲಾಖೆಗಳ ಜಾಗೃತಿ ಕಾರ್ಯಕ್ರಮಗಳು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತವೆ.

ಮಾತು ತಲುಪಿಸುವ ದಾರಿಗಳಿಗೂ ಬರವಿಲ್ಲ. ಜಾತ್ರೆಗಳಿವೆ, ಚಿತ್ರದುರ್ಗದ ಆಕಾಶವಾಣಿ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಹೊರಡುವ ‘ಶಿವಸಂಚಾರ’ ತಿರುಗಾಟದ ನಾಟಕ ತಂಡ 1997ರಿಂದ ರಾಜ್ಯದ ಊರೂರಿಗೆ ರಂಗಭೂಮಿಯನ್ನು ಕೊಂಡೊಯ್ಯುತ್ತಿದೆ. ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 2022ರ ಸೆಪ್ಟೆಂಬರಿನಲ್ಲಿ, 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಜನ ತಂಡತಂಡವಾಗಿ ನೋಡಲು ಹೋದರು. ಆ ನೀರು ವೇದಾವತಿಯ ಜಲಾನಯನದ ಯಾವ ಗುಡ್ಡ, ಯಾವ ಹುಲ್ಲು ದಾಟಿ ಬಂತು ಎಂದು ವಿವರಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಅಪರೂಪ. ಹೊಳಲ್ಕೆರೆಯ ಅಡಿಕೆ ಬೆಳೆಗಾರರಿಗಂತೂ ಅಂತರ್ಜಲದ ಮಾತು ತಕ್ಷಣ ಅರ್ಥವಾಗುತ್ತದೆ.

ಆದರೆ ಮುಚ್ಚುಮರೆಯ ಸಂದೇಶಕ್ಕೆ ಬೆಲೆಯಿಲ್ಲ. ಕರಡಿ ಹೊಲಕ್ಕೆ ನುಗ್ಗುತ್ತದೆ, ಚಿರತೆ ಕುರಿ ಹಿಡಿಯುತ್ತದೆ. ಈ ನಷ್ಟವನ್ನು ಒಪ್ಪಿಕೊಂಡು, ಪರಿಹಾರಕ್ಕೆ ಯಾರ ಬಳಿ ಯಾವ ಅರ್ಜಿ ಕೊಡಬೇಕೆಂದು ಮೊದಲೇ ತಿಳಿಸುವ ಅರಣ್ಯ ರಕ್ಷಕನ ಮಾತನ್ನು ಬೇಸಿಗೆಯ ಬೆಂಕಿಯ ವಿಷಯದಲ್ಲೂ ಊರು ಕೇಳುತ್ತದೆ. ಕುರಿ ಸತ್ತ ದಿನ ಕಾಣಿಸದೆ ಬೆಂಕಿ ಬಿದ್ದ ದಿನ ಮಾತ್ರ ಬರುವವನ ಮಾತು ನಡೆಯುವುದಿಲ್ಲ.

2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದಿದೆ; ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಆ ಸಮಿತಿಯ ಕೆಲಸ. ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿ 31ರ ಗಡುವು ಹಾಕಿದಾಗ ದೇಶದ ಅನೇಕ ಕಡೆ ದಾಖಲಾತಿಗಳು ತರಾತುರಿಯಲ್ಲಿ ತಯಾರಾದವು. ಹಾಗೆ ತಯಾರಾದದ್ದು ಕಪಾಟಿನಲ್ಲಿ ಉಳಿದರೆ ಅದು ಕಡತ ಮಾತ್ರ. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ಕುರಿಗಾಹಿಗಳು ಮತ್ತು ನಾಟಿವೈದ್ಯರು ಹೇಳಿದಂತೆ ತಿದ್ದಬೇಕು. ಅದಕ್ಕೆ ಹೊಸ ಕಾನೂನೂ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ.