ನಾಲ್ಕು ಮೂಲೆಯ ಕಾಂಡವೆಲ್ಲ ತುಳಸಿಯಲ್ಲ

(ಪಟ್ಟಣದ ಅಂಚಿನ ಸಂಘಗಳ ಸದಸ್ಯರ ತರಬೇತಿ ಶಿಬಿರದಲ್ಲಿ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಈ ದಿನ ನಾನು ಖನಿಜ ಮಿಶ್ರಣದ ಬಗ್ಗೆಯಾಗಲೀ ಕೃತಕ ಗರ್ಭಧಾರಣೆಯ ಬಗ್ಗೆಯಾಗಲೀ ಮಾತನಾಡುವುದಿಲ್ಲ. ಅವನ್ನು ನೀವು ಸಾಕಷ್ಟು ಕೇಳಿದ್ದೀರಿ. ನಿಮ್ಮ ಊರುಗಳ ಮಗ್ಗುಲಿಗೇ ಪಟ್ಟಣ ಬಂದಿದೆ. ಗೋಮಾಳ ಇದ್ದ ಕಡೆ ಬಡಾವಣೆ ಎದ್ದಿದೆ. ಈಗ ನಿಮ್ಮ ಹಸುಗಳಿಗೆ ಹುಲ್ಲುಗಾವಲು ಎಂದರೆ ಖಾಲಿ ನಿವೇಶನ, ರೈಲು ಹಳಿಯ ಪಕ್ಕ, ಕೆರೆ ಏರಿ, ಚರಂಡಿ ಬದಿ. ಮಳೆ ಬಿದ್ದ ಹದಿನೈದು ದಿನಕ್ಕೆ ಅಲ್ಲಿ ಹಸಿರು ಏಳುತ್ತದೆ, ನಿಜ. ಆದರೆ ಅದರಲ್ಲಿ ಹುಲ್ಲಿಗಿಂತ ಕಳೆಯೇ ಹೆಚ್ಚು. ಆ ಕಳೆಗಳಲ್ಲಿ ಒಂದು ದೊಡ್ಡ ಬಳಗ ತುಳಸಿಯ ನೆಂಟರದು. ಆ ಬಳಗವನ್ನೂ, ಅದರ ವೇಷ ಹಾಕಿಕೊಂಡು ನಿಂತಿರುವ ಒಂದು ಗಿಡವನ್ನೂ ಗುರುತಿಸುವುದು ಹೇಗೆಂಬುದೇ ನನ್ನ ವಿಷಯ.

ತುಳಸಿ, ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ, ತುಂಬೆ, ಇವೆಲ್ಲ ಒಂದೇ ಕುಟುಂಬ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಲ್ಯಾಮಿಯೇಸಿ ಎನ್ನುತ್ತಾರೆ. ಹಳೆಯ ಹೆಸರು ಲೇಬಿಯೇಟಿ, ಎಂದರೆ ತುಟಿಯುಳ್ಳದ್ದು. ಹೂವನ್ನು ಹತ್ತಿರದಿಂದ ನೋಡಿ, ಬಾಯಿ ತೆರೆದು ಮೇಲ್ದುಟಿ ಕೆಳದುಟಿ ತೋರಿಸಿದ ಹಾಗೆ ಕಾಣುತ್ತದೆ. ತುಂಬೆ ಹೂವಿನಲ್ಲಂತೂ ಕೆಳದುಟಿ ಅಗಲವಾಗಿ ಮುಂದೆ ಚಾಚಿರುತ್ತದೆ. ಶಿವರಾತ್ರಿಗೆ ಬಿಡಿಸಿ ತರುವವರು ಒಮ್ಮೆ ಅಂಗೈ ಮೇಲೆ ಇಟ್ಟುಕೊಂಡು ನೋಡಬೇಕು.

ಗುರುತು ಹೇಳುತ್ತೇನೆ. ಎಳೆಯ ಕಾಂಡವನ್ನು ಬೆರಳ ನಡುವೆ ಉರುಳಿಸಿ. ಸಲೀಸಾಗಿ ಉರುಳದೆ ನಾಲ್ಕು ಮೂಲೆ ಕೈಗೆ ತಗಲುತ್ತವೆ. ಎಲೆಗಳು ಎದುರು ಬದುರಾಗಿ ಜೋಡಿ ಜೋಡಿ. ಕೆಳಗಿನ ಜೋಡಿ ಪೂರ್ವ ಪಶ್ಚಿಮವಾದರೆ ಅದರ ಮೇಲಿನದು ಉತ್ತರ ದಕ್ಷಿಣ. ಎಲೆ ಹಿಸುಕಿದರೆ ಸಾಮಾನ್ಯವಾಗಿ ಘಮ, ಇಲ್ಲವೇ ಘಾಟು. ಇಷ್ಟೇ ಸಾಕೆಂದು ಒಂದು ಕಾಲದಲ್ಲಿ ನಾನೂ ತಿಳಿದಿದ್ದೆ. ತಿಳಿದದ್ದಷ್ಟೇ ಅಲ್ಲ, ಹೀಗೆಯೇ ಒಂದು ಶಿಬಿರದಲ್ಲಿ ನಿಂತು ಹೇಳಿಯೂ ಇದ್ದೆ.

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕಾಂಡ ಚೌಕ, ಎಲೆ ಜೋಡಿ, ವಾಸನೆ ಇದ್ದರೆ ಅದು ತುಳಸಿ ಜಾತಿ, ಹಸು ಬಾಯಿ ಹಾಕಿದರೆ ಗಾಬರಿ ಬೇಡ ಎಂದೆ. ಕೇಳಿದವರಲ್ಲಿ ಒಬ್ಬ ತಾಯಿ ಇದ್ದರು. ಆ ಬೇಸಿಗೆಯಲ್ಲಿ ಸಾಲ ಮಾಡಿ ದೂರದ ಸಂತೆಯಿಂದ ಒಂದು ಎಚ್.ಎಫ್. ಮಿಶ್ರತಳಿ ಹಸು ತಂದರು. ಹಸಿ ಮೇವು ಇರಲಿಲ್ಲ. ಬಡಾವಣೆಯೊಂದರ ಬೇಲಿ ಸವರಿ ರಸ್ತೆಗೆ ಹಾಕಿದ್ದ ಎಳೆ ಚಿಗುರನ್ನು ಎರಡು ದಿನ ಹೊರೆ ಕಟ್ಟಿ ತಂದು ಹಾಕಿದರು. ಮೂರನೆಯ ದಿನ ಹಸು ಮೇವು ಬಿಟ್ಟಿತು, ಮೆಲುಕು ನಿಂತಿತು, ಸಗಣಿ ಗಟ್ಟಿಯಾಯಿತು. ನಾನು ಹೋದಾಗ ಕಣ್ಣಿನ ಒಳಪೊರೆ ಹಳದಿಯಾಗಿತ್ತು. ಉಣ್ಣೆಯಿಂದ ಬರುವ ಜ್ವರವೆಂದು ಚಿಕಿತ್ಸೆ ಕೊಟ್ಟು ಬಂದೆ. ಮಾರನೆಯ ದಿನ ನೋಡಿದರೆ ಮೂತಿ ಒಡೆದಿತ್ತು, ಬಿಳಿ ಚರ್ಮವೆಲ್ಲ ಕೆಂಪಾಗಿ ಬಾತಿತ್ತು. ಅದೇ ಮೈಮೇಲಿನ ಕಪ್ಪು ಮಚ್ಚೆಗೆ ಏನೂ ಆಗಿರಲಿಲ್ಲ. ಆಗ ನನಗೆ ಹೊಳೆಯಿತು. ಏನು ಹಾಕಿದಿರಿ ತಾಯಿ ಎಂದು ಕೇಳಿದೆ. ಹಿತ್ತಲಲ್ಲಿ ಉಳಿದಿದ್ದ ಒಂದು ಕಡ್ಡಿ ತಂದು ಕೈಗೆ ಕೊಟ್ಟರು. ಲಂಟಾನ.

"ನೀವು ಹೇಳಿಕೊಟ್ಟ ಹಾಗೇ ನೋಡಿದೆ ಡಾಕ್ಟ್ರೇ, ನಾಲ್ಕು ಮೂಲೆ ಇತ್ತಲ್ಲ" ಎಂದರು. ಹಸು ಉಳಿಯಲಿಲ್ಲ. ಸಾಲದ ಕಂತು ಮಾತ್ರ ಉಳಿಯಿತು.

ಲಂಟಾನದ ಕಾಂಡವೂ ಚೌಕವೇ, ಎಲೆಯೂ ಜೋಡಿಯೇ, ಹಿಸುಕಿದರೆ ಘಾಟೂ ಉಂಟು. ಆದರೆ ಅದು ತುಳಸಿಯ ಕುಟುಂಬವಲ್ಲ, ಪಕ್ಕದ ಕುಟುಂಬ. ಅಮೆರಿಕದ ಉಷ್ಣವಲಯದ ಈ ಗಿಡವನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ನಮ್ಮ ದೇಶಕ್ಕೆ ತಂದರು. ಇನ್ನೊಂದು ಸ್ವಾರಸ್ಯ ಕೇಳಿ. ನಮ್ಮ ಹೊಲದ ಬದುವಿನ ಲಕ್ಕಿ ಗಿಡ, ಕಾಡಿನ ತೇಗದ ಮರ, ಇವೆರಡೂ ಮೊದಲು ಲಂಟಾನದ ಕುಟುಂಬದಲ್ಲಿಯೇ ಇದ್ದವು. ವಿಜ್ಞಾನಿಗಳು ಮತ್ತೆ ಪರಿಶೀಲಿಸಿ ಅವನ್ನು ತುಳಸಿಯ ಕುಟುಂಬಕ್ಕೆ ಸೇರಿಸಿದರು. ಲಂಟಾನ ಅಲ್ಲಿಯೇ ಉಳಿಯಿತು. ಪಂಡಿತರೇ ಇಷ್ಟು ವಿಚಾರ ಮಾಡಬೇಕಾದರೆ ನಮಗೆ ಗೊಂದಲವಾಗುವುದು ಸಹಜ.

ಬೇರೆ ಮಾಡುವುದು ಹೇಗೆ? ಹೂ ಉದುರಿದ ಮೇಲೆ ನೋಡಿ. ತುಳಸಿ ಬಳಗದ ಕಳೆಗಳಲ್ಲಿ ಹೂವಿನ ಹಸಿರು ಬಟ್ಟಲು ಹಾಗೆಯೇ ಉಳಿದು ಒಣಗುತ್ತದೆ. ಅದರ ತಳದಲ್ಲಿ ನಾಲ್ಕು ಸಣ್ಣ ಬೀಜ, ಕೆಲವದರಲ್ಲಿ ಎರಡೇ ಬಲಿತಿರುತ್ತವೆ. ತೆನೆಯನ್ನು ಅಂಗೈಗೆ ಬಡಿದರೆ ಬೀಜ ಉದುರುತ್ತದೆ. ಲಂಟಾನದಲ್ಲಿ ಬಟ್ಟಲಿಲ್ಲ, ಗೊಂಚಲು ಗೊಂಚಲು ಹಣ್ಣು, ಮೊದಲು ಹಸಿರು, ಆಮೇಲೆ ಕಪ್ಪು. ಹೂವು ಕೊಡೆಯಂತೆ ಗುಂಪಾಗಿ, ಒಂದೇ ಗೊಂಚಲಲ್ಲಿ ಎರಡು ಮೂರು ಬಣ್ಣ. ಎಲೆ ಉಜ್ಜಿದರೆ ಮರಳು ಕಾಗದದ ಹಾಗೆ ಒರಟು. ಬಲಿತ ಕಾಂಡಕ್ಕೆ ಕೊಕ್ಕೆ ಮುಳ್ಳು. ಎಳೆ ಚಿಗುರಿನಲ್ಲಿ ಹೂವೂ ಇಲ್ಲ, ಹಣ್ಣೂ ಇಲ್ಲ, ಮುಳ್ಳೂ ಕೈಗೆ ಸಿಗದಿರಬಹುದು. ಆದ್ದರಿಂದ ಕೊಯ್ದು ರಾಶಿ ಹಾಕಿದ ಚಿಗುರನ್ನು ನೋಡಿ ತೀರ್ಮಾನ ಮಾಡಬೇಡಿ. ಗಿಡ ನಿಂತ ಜಾಗಕ್ಕೆ ಹೋಗಿ ಬುಡ ನೋಡಿ. ನೋಡಲಾಗದಿದ್ದರೆ ಆ ಹೊರೆ ತರಲೇಬೇಡಿ. ಉದ್ಯಾನದ ಸವರು ಸೊಪ್ಪಿನಲ್ಲಿ ಕಣಗಿಲೆಯೂ ಸೇರಿರುತ್ತದೆ. ಅದು ಇನ್ನೂ ಘೋರ, ಅದಕ್ಕೆ ಬೇರೆ ಒಂದು ದಿನವೇ ಬೇಕು.

ನಿವೇಶನಗಳಲ್ಲಿ ನಿಜವಾದ ತುಳಸಿ ನೆಂಟರು ಯಾರು? ಮೊಳಕಾಲೆತ್ತರದ, ಗಂಟು ಗಂಟಿಗೆ ಬಿಳಿ ಹೂವಿನ ಚೆಂಡು ಕಟ್ಟಿದ್ದು ತುಂಬೆ. ದಪ್ಪ ಎಲೆ, ಮೈಯೆಲ್ಲ ಉಣ್ಣೆಯಂಥ ರೋಮ, ನೇರಳೆ ಛಾಯೆಯ ಹೂ ಇದ್ದರೆ ಕರಿತುಂಬೆ. ಆಳೆತ್ತರ ಬೆಳೆದು, ಕಿತ್ತಳೆ ಬಣ್ಣದ ಹೂಗಳುಳ್ಳ ಮುಳ್ಳು ಚೆಂಡುಗಳು ಕಾಂಡಕ್ಕೆ ಪೋಣಿಸಿದಂತೆ ಇರುವುದೂ ಇದೇ ಬಳಗ. ಎಲ್ಲಕ್ಕಿಂತ ಹೆಚ್ಚು ಹಬ್ಬಿರುವುದು, ಕೆಲವರು ಕಾಡು ತುಳಸಿ, ಕೆಲವರು ನಾಯಿ ತುಳಸಿ ಎನ್ನುವ, ಸಣ್ಣ ನೀಲಿ ಹೂವಿನ, ತೀರಾ ಘಾಟಿನ ಗಿಡ. ಇದೂ ಅಮೆರಿಕದಿಂದ ಬಂದದ್ದೇ. ಇದರ ಬಟ್ಟಲಿನ ತುದಿ ಬಟ್ಟೆಗೆ ಚುಚ್ಚುತ್ತದೆ. ಬೀಜ ನೀರಿಗೆ ಹಾಕಿದರೆ ಕಾಮಕಸ್ತೂರಿಯಂತೆ ಲೋಳೆ ಕಟ್ಟುತ್ತದೆ. ದನ ಇದನ್ನು ಮೂಸಿ ಬಿಡುತ್ತದೆ. ಹಸುವಿಗಿರುವ ಈ ಬುದ್ಧಿಯನ್ನು ನಾವು ಮೇವು ಕತ್ತರಿಸುವ ಯಂತ್ರಕ್ಕೆ ಹಾಕಿ ಕೆಡಿಸುತ್ತೇವೆ. ಹುಲ್ಲಿನ ಜೊತೆ ಸಣ್ಣಗೆ ಕತ್ತರಿಸಿಟ್ಟರೆ ಅದು ಆರಿಸಿ ತಿನ್ನುವುದಾದರೂ ಹೇಗೆ?

ತುಂಬೆ, ನಾಯಿ ತುಳಸಿ ಒಂದೆರಡು ಬಾಯಿ ಹೋದರೆ ಹಸುವಿಗೆ ಅಪಾಯವೆಂದು ನಾನು ಹೇಳುವುದಿಲ್ಲ. ಹಾಲಿಗೆ ಮಾತ್ರ ತೊಂದರೆ. ಘಾಟಿನ ಸೊಪ್ಪಿನ ವಾಸನೆ ಹೊಟ್ಟೆಯಿಂದಲೂ ಉಸಿರಿನಿಂದಲೂ ರಕ್ತಕ್ಕೆ ಸೇರಿ ಕೆಚ್ಚಲಿಗೆ ಇಳಿಯುತ್ತದೆ. ಸಂಘದಲ್ಲಿ ಹಾಲು ಪರೀಕ್ಷಕರು ಮೂಸಿ ನೋಡಿ ನಿಮ್ಮ ಹಾಲು ಹಿಂತಿರುಗಿಸಿದಾಗ ಅವರ ಮೇಲೆ ಸಿಟ್ಟಾಗಬೇಡಿ. ಅದನ್ನು ಬಿಟ್ಟರೆ ಶೀತಲ ಘಟಕದ ತೊಟ್ಟಿಯ ಹಾಲೆಲ್ಲ ಕೆಡುತ್ತದೆ. ಹೊರಗೆ ಮೇಯಿಸುವುದಿದ್ದರೆ ಹಾಲು ಕರೆದ ಮೇಲೆ ಬಿಡಿ. ಕರೆಯುವ ಮುಂಚಿನ ನಾಲ್ಕು ಗಂಟೆ ವಾಸನೆಯ ಸೊಪ್ಪು ಬೇಡ.

ಮತ್ತೆ ಲಂಟಾನಕ್ಕೆ ಬರುತ್ತೇನೆ, ಏಕೆಂದರೆ ಪ್ರಾಣ ಹೋಗುವುದು ಅದರಿಂದ. 400 ಕಿಲೋ ತೂಕದ ಹಸುವಿಗೆ ನಾಲ್ಕೈದು ಕಿಲೋ ಹಸಿ ಎಲೆಯೇ ಸಾಕಾಗಬಹುದು. ಅದನ್ನು ನೋಡುತ್ತ ಬೆಳೆದ ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊಸದಾಗಿ ತಂದದ್ದು, ಹಸಿದದ್ದು ತಿನ್ನುತ್ತದೆ. ಅದರ ವಿಷ ಪಿತ್ತಜನಕಾಂಗವನ್ನು ಕೆಡಿಸಿ ಪಿತ್ತದ ಹರಿವನ್ನು ತಡೆಯುತ್ತದೆ. ಹಸಿರೆಲೆ ಜೀರ್ಣವಾದಾಗ ಹುಟ್ಟುವ ಒಂದು ವಸ್ತು ಪಿತ್ತದ ಮೂಲಕ ಹೊರಹೋಗದೆ ರಕ್ತದಲ್ಲಿ ಉಳಿದು, ಬಿಸಿಲು ಬಿದ್ದ ಬಿಳಿ ಚರ್ಮವನ್ನು ಸುಡುತ್ತದೆ. ದೊಡ್ಡಹೊಟ್ಟೆಯ ಚಲನೆಯೂ ನಿಲ್ಲುವುದರಿಂದ ತಿಂದ ಎಲೆ ಅಲ್ಲಿಯೇ ಕೂತು ದಿನವೂ ವಿಷ ಬಿಡುತ್ತಿರುತ್ತದೆ. ಮೇವು ನಿಲ್ಲಿಸಿದೆವು, ಇನ್ನು ತಾನಾಗಿ ಸರಿಹೋಗುತ್ತದೆ ಎಂದು ಕಾಯುವುದು ಇದಕ್ಕೇ ತಪ್ಪು.

ಅನುಮಾನ ಬಂದ ಕೂಡಲೇ ಹಸುವನ್ನು ಬಿಸಿಲಿನಿಂದ ಕತ್ತಲ ಕೊಟ್ಟಿಗೆಗೆ ಕಟ್ಟಿ, ನೀರಿಡಿ, ವೈದ್ಯರನ್ನು ಕರೆಯಿರಿ. ಮಲಬದ್ಧತೆ ಎಂದು ಎಣ್ಣೆ ಗೊಟ್ಟ ಹಾಕಬೇಡಿ, ನಿತ್ರಾಣವಾದ ಹಸುವಿನ ಶ್ವಾಸಕೋಶಕ್ಕೆ ಹೋದೀತು. ಬೇಗ ಹೇಳಿ ಕಳುಹಿಸಿದರೆ ಔಷಧಿಯ ಇದ್ದಿಲು ಪುಡಿಯನ್ನು ಕಿಲೋಗಟ್ಟಲೆ ಕೊಟ್ಟು ವಿಷ ಹೀರಿಸಲು ಅವಕಾಶವಿದೆ. ವೈದ್ಯರು ಬಂದಾಗ ಹಸು ತಿಂದ ಗಿಡದ ಒಂದು ಕಡ್ಡಿ ಅವರ ಕೈಗೆ ಕೊಡಿ. ಅಂದು ಆ ಕಡ್ಡಿಯನ್ನು ನಾನು ಮೊದಲ ದಿನವೇ ಕೇಳಿದ್ದರೆ ಒಂದು ದಿನ ಉಳಿಯುತ್ತಿತ್ತು.

ಹೊರಗೆ ಮೇಜಿನ ಮೇಲೆ ಇವತ್ತು ಬೆಳಿಗ್ಗೆ ಇದೇ ಬಡಾವಣೆಯಲ್ಲಿ ಕಿತ್ತ ಆರು ಗಿಡ ಇಟ್ಟಿದ್ದೇನೆ. ಹೆಸರು ಬರೆದಿಲ್ಲ. ಅದರಲ್ಲಿ ಎರಡು ಲಂಟಾನ, ಒಂದರಲ್ಲಿ ಮಾತ್ರ ಹೂವಿದೆ. ಊಟಕ್ಕೆ ಹೋಗುವ ಮುನ್ನ ಇನ್ನೊಂದನ್ನು ಹುಡುಕಿ ತೋರಿಸಿ.