ಶನಿವಾರದ ಕೆಲಸ, ಸೋಮವಾರದ ಕೆಲಸ

(ಸಂಘದ ಸಂಸ್ಥಾಪನಾ ದಿನದಂದು ದಂಪತಿಗಳಿಬ್ಬರು ಮಾಡಿದ ಭಾಷಣ)



ಗಂಡ ಹೆಂಡತಿ ಇಬ್ಬರನ್ನೂ ಒಂದೇ ಮೈಕಿನ ಮುಂದೆ ನಿಲ್ಲಿಸಿದ್ದು ಸಮಿತಿಯವರ ಧೈರ್ಯ. "ಕೆಲಸ ಬಿಡುವ ಯೋಚನೆಯಲ್ಲಿರುವವರಿಗೆ ಹವ್ಯಾಸ" ಎಂಬ ವಿಷಯ ಕೊಟ್ಟಿದ್ದಾರೆ. ನಾವಿಬ್ಬರೂ ಇನ್ನೂ ಕೆಲಸ ಬಿಟ್ಟಿಲ್ಲ. ಬಿಟ್ಟು ಗೆದ್ದವರ ಮಾತು ಕೇಳಲು ಬಂದಿದ್ದರೆ ದಯವಿಟ್ಟು ಕ್ಷಮಿಸಿ. ಬಿಡಲು ಹೊರಟು ಲೆಕ್ಕ ಹಾಕುತ್ತ ಕೂತವರ ಮಾತು ಇದು. ಭಾಷಣವನ್ನು ಇಬ್ಬರೂ ಸೇರಿಯೇ ಬರೆದಿದ್ದೇವೆ. ನಮ್ಮಲ್ಲಿ ಒಬ್ಬರಿಗೆ ಮರದ ಹುಚ್ಚು, ಇನ್ನೊಬ್ಬರಿಗೆ ನೂಲಿನ ಹುಚ್ಚು. ಆದ್ದರಿಂದ ಅನುಕೂಲಕ್ಕಾಗಿ ಒಬ್ಬರನ್ನು "ಮರದವರು" ಎಂದೂ ಇನ್ನೊಬ್ಬರನ್ನು "ಸೂಜಿಯವರು" ಎಂದೂ ಕರೆದುಕೊಳ್ಳುತ್ತೇವೆ.

ಸೂಜಿಯವರದ್ದು ಮೊದಲು ಶುರುವಾದದ್ದು. ನಾವು ಈ ದೇಶಕ್ಕೆ ಬಂದದ್ದು 1998ರಲ್ಲಿ. ಒಬ್ಬರಿಗೆ ಎಚ್-1ಬಿ, ಇನ್ನೊಬ್ಬರಿಗೆ ಎಚ್-4. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಬಂದವರಿಗೆ ಇಲ್ಲಿ ಕಾಲಿಟ್ಟ ದಿನದಿಂದ ದುಡಿಯುವ ಹಕ್ಕಿಲ್ಲ. ಎಚ್-4ರಲ್ಲಿ ಕೆಲವರಿಗಾದರೂ ಕೆಲಸದ ಅನುಮತಿ ಸಿಗುವಂತಾದದ್ದು 2015ರಲ್ಲಿ. ಆ ಹೊತ್ತಿಗೆ ನಮ್ಮ ಕಾಲ ಕಳೆದುಹೋಗಿತ್ತು. ಒಂದು ಮಲಗುವ ಕೋಣೆಯ ಅಪಾರ್ಟ್‌ಮೆಂಟು, ಹೊರಗೆ ಮೊಣಕಾಲುದ್ದ ಹಿಮ, ಬೆಳಗ್ಗೆ ಏಳಕ್ಕೆ ಹೋದ ಗಂಡ ಸಂಜೆ ಏಳಕ್ಕೆ ವಾಪಸು. ಅಜ್ಜಿ ಕಲಿಸಿದ್ದ ಕಸೂತಿ ಪೆಟ್ಟಿಗೆಯಿಂದ ಹೊರಗೆ ಬಂದದ್ದು ಆಗ. ಕಲಾಸೇವೆಗೆ ಅಂತ ಅಲ್ಲ, ತಲೆ ಕೆಡದಿರಲಿ ಅಂತ.

ಕಸೂತಿ ಗೊತ್ತಿಲ್ಲದ ಮಕ್ಕಳು ಇಲ್ಲಿ ಕೂತಿದ್ದಾರೆ, ಅವರಿಗಾಗಿ ಎರಡು ಮಾತು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ನೂಲು ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಮುಂದಕ್ಕೆ ಹೋಗುತ್ತದೆ, ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಬಿಟ್ಟ ಜಾಗ ತುಂಬುತ್ತದೆ. ಎಲ್ಲಿಯೂ ಗಂಟು ಹಾಕುವ ಹಾಗಿಲ್ಲ. ಮೇಲೆ ಕಂಡ ಹಾಗೆಯೇ ಕೆಳಗೂ ಕಾಣಬೇಕು. ಗೋಪುರ, ತುಳಸಿ ವೃಂದಾವನ, ತೇರು, ಆನೆ, ನವಿಲು, ಎಲ್ಲವೂ ಈ ಎಣಿಕೆಯಿಂದಲೇ. ಎರಡು ಎಳೆ ತಪ್ಪಿದರೆ ಗೋಪುರದ ಕಳಸ ವಾಲುತ್ತದೆ, ಬಿಚ್ಚಬೇಕು. ಐದು ವರ್ಷದಲ್ಲಿ ಬಿಚ್ಚಿದ್ದೇ ಹೆಚ್ಚು. 2003ರಲ್ಲಿ ಹಸಿರು ಕಾರ್ಡು ಬಂತು, ಆಮೇಲೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸವೂ ಸಿಕ್ಕಿತು. ಆದರೆ ರಾತ್ರಿ ಪಾತ್ರೆ ತೊಳೆದಾದ ಮೇಲಿನ ಮುಕ್ಕಾಲು ಗಂಟೆ ಮಾತ್ರ ಇವತ್ತಿಗೂ ಸೂಜಿಯದ್ದೇ.

ಮರದವರ ಕಥೆ ಅಷ್ಟು ಗೌರವದ್ದಲ್ಲ. 2006ರಲ್ಲಿ ಯಾರದೋ ಗ್ಯಾರೇಜ್ ಸೇಲಿನಲ್ಲಿ ಒಂದು ಹಳೆಯ ಮರದ ಲೇತು ಸಿಕ್ಕಿತು. ಎರಡು ಬಟ್ಟಲು ಕಡೆದದ್ದಾಯಿತು. ಅದರಲ್ಲಿ ಒಂದು ಸೋರುತ್ತಿತ್ತು. "ಸಮಯ ಇಲ್ಲವಲ್ಲ, ಸಮಯ ಇದ್ದಿದ್ದರೆ ನೋಡು" ಎನ್ನುವುದು ಆಗ ನಮ್ಮ ಮನೆಯ ನಿತ್ಯಮಂತ್ರ. ದೇವರು ತಥಾಸ್ತು ಅಂದ. 2009ರಲ್ಲಿ ಕಂಪನಿಯವರು ಒಂದು ಶುಕ್ರವಾರ ಮಧ್ಯಾಹ್ನ ಕರೆದು, ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸಿದರು. ಏಳು ತಿಂಗಳು ಮನೆಯಲ್ಲಿ. ಏಳು ತಿಂಗಳು, ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಸಮಯ. ಆ ಏಳು ತಿಂಗಳಲ್ಲಿ ಲೇತಿನ ಗುಂಡಿ ಒಂದು ದಿನವೂ ಒತ್ತಲಿಲ್ಲ. ಮುಸುಕು ಹಾಕಿದ ಲೇತಿನ ಪಕ್ಕದಲ್ಲೇ ಕೂತು ಅರ್ಜಿ ಬರೆಯುವುದು, ಫೋನು ಕಾಯುವುದು, ಬ್ಯಾಂಕಿನ ಬಾಕಿ ನೋಡುವುದು. ಮತ್ತೆ ಕೆಲಸ ಸಿಕ್ಕಿದ ಮೊದಲನೆಯ ಶನಿವಾರ ಬೆಳಗಿನ ಆರು ಗಂಟೆಗೆ ಗ್ಯಾರೇಜಿನಿಂದ ಲೇತಿನ ಸದ್ದು ಕೇಳಿ ಸೂಜಿಯವರು ಎದ್ದು ಬಂದು ಬಾಗಿಲಲ್ಲಿ ನಿಂತರು. ಇಬ್ಬರೂ ಏನೂ ಮಾತಾಡಲಿಲ್ಲ.

ಇವತ್ತು ನಾವು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ. ನಮಗೆ ಕೊರತೆಯಾಗಿದ್ದದ್ದು ಸಮಯವಲ್ಲ. ಕೆಲಸ ಬಿಟ್ಟ ಮೇಲೆ ವೀಣೆ ಕಲಿಯುತ್ತೇನೆ, ಕಾದಂಬರಿ ಬರೆಯುತ್ತೇನೆ ಎನ್ನುವವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಸಂಕ್ರಾಂತಿ ಊಟದಲ್ಲಿ ನಿಮ್ಮ ಬಾಯಿಂದಲೇ ಕೇಳಿದ್ದೇವೆ. ನಿವೃತ್ತಿಯ ಮರುದಿನ ಸೋಮವಾರ ಬರುತ್ತದೆ, ವೀಣೆ ಬರುವುದಿಲ್ಲ. ಈಗಲೇ ವಾರದಲ್ಲಿ ಒಂದು ಬೆಳಗ್ಗೆ ಅದಕ್ಕೆ ಜಾಗ ಇಲ್ಲದಿದ್ದರೆ ಆಗ ಏಳು ಬೆಳಗ್ಗೆಗಳು ಸಿಕ್ಕರೂ ಟೀವಿಯೇ ತುಂಬಿಕೊಳ್ಳುತ್ತದೆ.

ನಮ್ಮ ಹಿರಿಯರನ್ನೇ ನೋಡಿ. ಮಾಸ್ತಿಯವರ "ಚಿಕವೀರ ರಾಜೇಂದ್ರ" ಬಂದದ್ದು 1956ರಲ್ಲಿ, ಮೈಸೂರು ಸರ್ಕಾರದ ದೊಡ್ಡ ಹುದ್ದೆ ಬಿಟ್ಟು ಹತ್ತು ವರ್ಷಕ್ಕೂ ಹೆಚ್ಚಾದ ಮೇಲೆ. ಆದರೆ ಅವರ ಮೊದಲ ಕಥಾಸಂಗ್ರಹ ಬಂದದ್ದು 1920ರಲ್ಲಿ. ಹುದ್ದೆ ಬಿಡುವ ತನಕ ಕಡತದ ಜೊತೆಯಲ್ಲೇ ಕತೆ ನಡೆದಿತ್ತು. ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ "ಮೈಸೂರ ಮಲ್ಲಿಗೆ" ಕೊಟ್ಟಾಗ ಸರ್ಕಾರಿ ಕಚೇರಿಯ ನೌಕರರು. ಯಶವಂತ ಚಿತ್ತಾಲರಂತೂ ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದ ಕೆಲಸದಲ್ಲಿದ್ದುಕೊಂಡೇ 1979ರ "ಶಿಕಾರಿ"ಯಲ್ಲಿ ಆ ಕಂಪನಿಗಳ ಜಗತ್ತನ್ನೇ ಕಾದಂಬರಿ ಮಾಡಿಬಿಟ್ಟರು. ಅವರಿಗೆ ನಾವು ಸಮ ಅಂತ ಖಂಡಿತ ಹೇಳುತ್ತಿಲ್ಲ. ನಮ್ಮ ಬಟ್ಟಲು ಸೋರುತ್ತಿತ್ತು ಎಂದು ಆಗಲೇ ಒಪ್ಪಿಕೊಂಡಿದ್ದೇವೆ.

2012ರ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮರದವರು ಹತ್ತು ದಿನ ಚನ್ನಪಟ್ಟಣದ ಒಬ್ಬ ಕುಶಲಕರ್ಮಿಗಳ ಮನೆಯಲ್ಲಿ ಕೂತು ಅರಗಿನ ಕೆಲಸ ಕಲಿತು ಬಂದರು. ಮಂಡ್ಯದ ಕಡೆಯವರಾಗಿ ಬೆಂಗಳೂರು ಮೈಸೂರು ರಸ್ತೆಯಲ್ಲಿ ನೂರಾರು ಸಲ ಆ ಬೊಂಬೆ ಅಂಗಡಿಗಳ ಮುಂದೆ ಹಾದುಹೋಗಿದ್ದರೂ ಒಳಗೆ ಹೊಕ್ಕು ನೋಡಿದ್ದು ಅದೇ ಮೊದಲು. ಎಂಥ ಕೆಲಸ ಅದು! ಆಲೆಮರ ಬೆಳ್ಳಗೆ, ನುಣ್ಣಗೆ, ದಂತದ ಹಾಗೆ. ಲೇತಿನಲ್ಲಿ ಗರಗರ ತಿರುಗುವ ಮರಕ್ಕೆ ಉಳಿ ಕೊಟ್ಟು ಆಕಾರ ತೆಗೆದ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಒಲೆ ಇಲ್ಲ, ಕುಂಚ ಇಲ್ಲ. ತಿರುಗುವ ಮರದ ಉಜ್ಜಾಟದ ಕಾವಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಒಣಗಿದ ಕೇದಗೆಯ ಗರಿ ಒತ್ತಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡದ ಬಣ್ಣ. ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ.

ಬರುವಾಗ ಸೂಟ್‌ಕೇಸಿನಲ್ಲಿ ಅರಗಿನ ಕಡ್ಡಿಯೂ ಗರಿಯ ಕಟ್ಟೂ ಇತ್ತು. ವಿಮಾನ ನಿಲ್ದಾಣದಲ್ಲಿ ಬರೆದುಕೊಟ್ಟು ತೋರಿಸಿದೆವು. ಅರಗು ಬಿಟ್ಟರು, ಗರಿ ಇಟ್ಟುಕೊಂಡರು. ಅದಕ್ಕೇ ನಮ್ಮ ಬೊಂಬೆಗಳಿಗೆ ಆ ಹೊಳಪಿಲ್ಲ ಎಂದು ಮರದವರ ವಾದ. ಹತ್ತಿಬಟ್ಟೆಯ ಮಡಿಕೆಯಿಂದ ಒತ್ತುತ್ತೇವೆ, ಮೇಪಲ್ ಮರ ಬಳಸುತ್ತೇವೆ. ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಅರಗು ಹತ್ತುವ ಮೊದಲು ಕೈಬೆರಳೇ ಮರಗಟ್ಟುತ್ತದೆ. ಆದರೂ ಹದಿಮೂರು ವರ್ಷಕ್ಕೂ ಮೇಲಾಯಿತು, ಶನಿವಾರ ಬೆಳಗ್ಗೆ ಆರರಿಂದ ಹತ್ತು ತಪ್ಪಿಲ್ಲ. ಆ ಹೊತ್ತಿನಲ್ಲಿ ನಮ್ಮ ಮನೆಗೆ ಫೋನು ಮಾಡಿದವರಿಗೆ ಇದು ಗೊತ್ತು.

ಇನ್ನು ಹಣದ ಮಾತು. ಎಲ್ಲರೂ ಕೇಳುವುದು "ಮಾರಬಹುದಲ್ಲ?" ಎಂದು. ಮಾರಿ ನೋಡಿದ್ದೇವೆ. ಒಂದು ಸೀರೆಯ ಸೆರಗು, ಅಂಚು ಸೇರಿ ಸೂಜಿಯವರಿಗೆ ಮುನ್ನೂರು ಗಂಟೆ ಹಿಡಿಯಿತು. ಬಂದ ಬೆಲೆ 450 ಡಾಲರು. ಗಂಟೆಗೆ ಒಂದೂವರೆ ಡಾಲರು. ಈ ದೇಶದ ಕೇಂದ್ರ ಸರ್ಕಾರ 2009ರಲ್ಲಿ ನಿಗದಿ ಮಾಡಿದ ಕನಿಷ್ಠ ಕೂಲಿಯೇ ಗಂಟೆಗೆ 7.25. ಆ ವರ್ಷ ಮದುವೆ ಸೀಸನ್ನಿಗೆಂದು ನಾಲ್ಕು ಕುಪ್ಪಸ ಒಪ್ಪಿಕೊಂಡು, ಮೂರನೆಯದಕ್ಕೆ ಬರುವಷ್ಟರಲ್ಲಿ ಸೂಜಿ ಕಂಡರೆ ತಲೆನೋವು. ಐದು ವರ್ಷದ ಒಂಟಿತನ ಕಳೆಯದ ಕಸೂತಿಯನ್ನು ನಾಲ್ಕು ಕುಪ್ಪಸ ಕಳೆಯುವುದರಲ್ಲಿತ್ತು. ಅಂದಿನಿಂದ ಮಾರುವುದಿಲ್ಲ, ಕೊಡುತ್ತೇವೆ. ಬೊಂಬೆಗಳನ್ನು ಮಾತ್ರ ವರ್ಷಕ್ಕೆ ಒಂದು ಸಂತೆಯಲ್ಲಿ ಇಡುತ್ತೇವೆ. ಮೇಜಿನ ಬಾಡಿಗೆ, ಮರ, ಅರಗು ಕಳೆದರೆ ಕಾಫಿ ಖರ್ಚು ಮಿಕ್ಕೀತು. ಹವ್ಯಾಸದ ಆದಾಯಕ್ಕೂ ತೆರಿಗೆ ಉಂಟು, ಅದನ್ನು ಮರೆಯಬೇಡಿ. ಎಚ್-1ಬಿಯಲ್ಲಿರುವ ತರುಣರು ಇನ್ನೂ ಎಚ್ಚರವಾಗಿರಿ. ಬೊಂಬೆ ಮಾಡಲು ಯಾರ ಅಡ್ಡಿಯೂ ಇಲ್ಲ, ಮಾರಿದರೆ ಅನುಮತಿ ಇಲ್ಲದ ದುಡಿಮೆ ಎನಿಸಬಹುದು. ಕೈಗೆ ಕಾಸು ಬರುವ ಮೊದಲು ವಕೀಲರನ್ನು ಕೇಳಿ. ಕೆಲಸ ಬಿಟ್ಟರಂತೂ 2017ರ ನಿಯಮದ ಪ್ರಕಾರ ನಿಮಗಿರುವುದು ಹೆಚ್ಚೆಂದರೆ 60 ದಿನ. ಹವ್ಯಾಸದ ಮಾತು ಹಸಿರು ಕಾರ್ಡಿನ ನಂತರವೇ ನೆಮ್ಮದಿಯದ್ದು.

ಹಾಗಾದರೆ ಬಿಡುವುದು ಹೇಗೆ? ಮರದವರಿಗೆ 2027ಕ್ಕೆ 55 ತುಂಬುತ್ತದೆ. ಆ ವರ್ಷವೋ ಆಮೇಲೋ ಕೆಲಸ ಬಿಟ್ಟರೆ ಆ ಕಂಪನಿಯ 401(ಕೆ)ಯಿಂದ ಶೇಕಡ 10ರ ದಂಡವಿಲ್ಲದೆ ಹಣ ತೆಗೆಯಬಹುದು, ತೆರಿಗೆ ಮಾತ್ರ ಕಟ್ಟಬೇಕು. ಅವಸರಪಟ್ಟು ಅದನ್ನು ಐಆರ್‌ಎಗೆ ಸಾಗಿಸಿದರೆ ಮತ್ತೆ ಐವತ್ತೊಂಬತ್ತೂವರೆಯ ತನಕ ಕಾಯಬೇಕು. ನಾವು ಸಾಗಿಸುವುದರಲ್ಲಿದ್ದೆವು, ಒಬ್ಬ ಹಿತೈಷಿ ತಡೆದರು. ಸೋಶಿಯಲ್ ಸೆಕ್ಯುರಿಟಿಯವರು ಹೆಚ್ಚು ಗಳಿಸಿದ 35 ವರ್ಷಗಳ ಸರಾಸರಿ ಹಿಡಿಯುತ್ತಾರೆ. ನಮ್ಮ ಹಾಗೆ ತಡವಾಗಿ ಬಂದವರಿಗೆ ಅಷ್ಟು ವರ್ಷ ಇರುವುದಿಲ್ಲ. 1998ರಿಂದ 2027ಕ್ಕೆ 30, ಉಳಿದ ಐದಕ್ಕೆ ಐದು ಸೊನ್ನೆ. ಕಳೆದ ಎರಡು ವರ್ಷದಿಂದ ನಾವು ಸೂಜಿಯವರ ಸಂಬಳ ಒಂದರಲ್ಲೇ ಬದುಕಿ ನೋಡುತ್ತಿದ್ದೇವೆ, ಇನ್ನೊಂದು ಸಂಬಳ ನೇರ ಉಳಿತಾಯಕ್ಕೆ. ಮನೆಖರ್ಚು ನಡೆಯಿತು. ತಪ್ಪಿದ್ದು ಎರಡೇ ಕಡೆ: ಡಿಸೆಂಬರಿನ ವಿಮಾನದ ಟಿಕೆಟ್ಟು ಮತ್ತು ಊರಿನಲ್ಲಿರುವ ಅಮ್ಮನ ಆಸ್ಪತ್ರೆ ಖರ್ಚು. ಎರಡನ್ನೂ ಬಿಡಲಾಗದು. ಅದಕ್ಕೆ ಬೇರೆ ಡಬ್ಬಿ ಇಟ್ಟಿದ್ದೇವೆ.

ನಿಜವಾದ ಗಂಟು ಇರುವುದು ಆರೋಗ್ಯ ವಿಮೆಯಲ್ಲಿ. ಮೆಡಿಕೇರ್ ಬರುವುದು 65ಕ್ಕೆ. ಕೆಲಸ ಬಿಟ್ಟವರು ಕೋಬ್ರಾ ಕಾನೂನಿನಡಿ ಸಾಮಾನ್ಯವಾಗಿ 18 ತಿಂಗಳು ಹಳೆಯ ವಿಮೆ ಉಳಿಸಿಕೊಳ್ಳಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಮ್ಮ ತಲೆಯ ಮೇಲೆ. ಹೆಸರಿಗೆ ತಕ್ಕ ಹಾಗೆ ಕಚ್ಚುತ್ತದೆ. ನಮ್ಮ ಮನೆಯಲ್ಲಿ ಅದು ಬೇಡ, ಏಕೆಂದರೆ ಸೂಜಿಯವರ ಆಸ್ಪತ್ರೆಯ ವಿಮೆ ಇದೆ. ಅದರಲ್ಲಿ 26ರ ತನಕ ಮಕ್ಕಳೂ ಇರಬಹುದು.

ಎಂದರೆ ಏನಾಯಿತು? ಒಬ್ಬರು ಬಿಡಬೇಕಾದರೆ ಇನ್ನೊಬ್ಬರು ಬಿಡಬಾರದು. ಇದನ್ನು ಲೆಕ್ಕದ ಕಾಗದದ ಮೇಲೆ ಮರದವರು ಖುಷಿಯಿಂದ ಬರೆದು ತೋರಿಸಿದ ಸಂಜೆ ನಮ್ಮ ಮನೆಯಲ್ಲಿ ಮಾತು ನಿಂತುಹೋಯಿತು. ಮೊದಲ ಐದು ವರ್ಷ ಒಬ್ಬರ ವೀಸಾಕ್ಕಾಗಿ ಇನ್ನೊಬ್ಬರು ಮನೆಯಲ್ಲಿ ಕೂತಿದ್ದರು. ಈಗ ಒಬ್ಬರ ಲೇತಿಗಾಗಿ ಅದೇ ಇನ್ನೊಬ್ಬರು ಕೆಲಸದಲ್ಲಿ ಕೂರಬೇಕು. ಮರದವರಿಗೆ ಇದು ಹೊಳೆದೇ ಇರಲಿಲ್ಲ ಎನ್ನುವುದು ಸೂಜಿಯವರಿಗೆ ಹೆಚ್ಚು ನೋವಾದ ಸಂಗತಿ. "ಬರೆಯೋಣವೇ ಇದನ್ನು?" ಎಂದು ಈ ಭಾಷಣಕ್ಕೆ ಕೂತಾಗ ಕೇಳಿಕೊಂಡೆವು. ಬರೆಯೋಣ ಎಂದವರು ಮರದವರು.

ಈಗ ಒಪ್ಪಂದ ಹೀಗಿದೆ. 2027ರ ಜೂನಿಗೆ ಒಬ್ಬರು ಬಿಡುವುದು. ಮೂರು ವರ್ಷ, 2030ರ ತನಕ, ಸಂಜೆ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಅನ್ನ ಸಾರು ಆಗಿರಬೇಕು. ಆಮೇಲೆ ಸರದಿ ಬದಲು. ಅಷ್ಟರಲ್ಲಿ ಮಕ್ಕಳು ತಮ್ಮ ವಿಮೆ ತಾವು ನೋಡಿಕೊಳ್ಳುವವರಾಗಿರುತ್ತಾರೆ. ನಮ್ಮಿಬ್ಬರಿಗೆ ವಿಮೆ ಪೇಟೆಯಿಂದ ಕೊಂಡರಾಯಿತು. 2014ರಿಂದ ಹಳೆಯ ಕಾಯಿಲೆ ಇದೆ ಎಂದು ಯಾರೂ ಕೊಡೆವು ಎನ್ನುವಂತಿಲ್ಲ. ಬೆಲೆಯನ್ನು ಈಗಿಂದಲೇ ಡಬ್ಬಿಗೆ ಹಾಕುತ್ತಿದ್ದೇವೆ. ಆ ವರ್ಷ ಸೂಜಿಯವರು ಧಾರವಾಡಕ್ಕೆ ಹೋಗಿ ಒಂದು ವರ್ಷ ಇದ್ದು, ಕೈ ನಡುಗದೆ ಇನ್ನೂ ಎಳೆ ಎಣಿಸುತ್ತಿರುವ ಹಿರಿಯ ಹೆಂಗಸರ ಹತ್ತಿರ ಕೂತು, ಅಜ್ಜಿ ಕಲಿಸದೆ ಬಿಟ್ಟದ್ದನ್ನು ಕಲಿತು ಬರುವುದು. ಇದನ್ನು ಇಬ್ಬರೂ ಸಹಿ ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇವೆ. ಈಗ ನಿಮ್ಮೆಲ್ಲರ ಸಾಕ್ಷಿಯೂ ಆಯಿತು.

ಊರಿಗೆ ಫೋನು ಮಾಡಿ ಅಮ್ಮನಿಗೆ ಹೇಳಿದೆವು. ಮಂಡ್ಯದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಕಣ್ ಮಗಾ, ಬೊಂಬೆ ಮಾಡಕ್ಕೆ ಅಮೆರಿಕಕ್ಕೆ ಯಾಕೋ ಹೋದೆ? ಚನ್ನಪಟ್ಣ ಇಲ್ಲೇ ಇತ್ತಲ್ಲೋ!" ಎಂದರು. ಇದಕ್ಕೆ ಉತ್ತರ ನಮ್ಮಿಬ್ಬರ ಬಳಿಯೂ ಇಲ್ಲ.

ಶನಿವಾರ ಬೆಳಗ್ಗೆ ಗ್ಯಾರೇಜಿನ ಬಾಗಿಲು ತೆಗೆದಿರುತ್ತದೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಹತ್ತು ವರ್ಷದ ಮೇಲಿನವರು ದೊಡ್ಡವರ ಕೈಯಡಿ ಉಳಿ ಹಿಡಿಯಬಹುದು. ಕಣ್ಣಿಗೆ ಕನ್ನಡಕ ನಾವೇ ಕೊಡುತ್ತೇವೆ. ದುಪಟ್ಟಾ, ಸಡಿಲ ತೋಳಿನ ಅಂಗಿ, ಬಳೆ ಬೇಡ, ಲೇತು ಎಳೆದುಕೊಳ್ಳುತ್ತದೆ. ಕಸೂತಿ ಬೇಕಾದವರು ಒಳಗೆ ಊಟದ ಮೇಜಿಗೆ ಹೋಗಿ, ಬೆಳಕು ಚೆನ್ನಾಗಿರುತ್ತದೆ. ಹತ್ತು ಗಂಟೆಗೆ ಉಪ್ಪಿಟ್ಟು. ಮೊದಲೇ ಫೋನು ಮಾಡಿ, ಆದರೆ ಆರರಿಂದ ಹತ್ತರ ಒಳಗೆ ಮಾಡಬೇಡಿ.