ರೋಡ್‌ಕಿಂಗೋ, ರಾಜದೂತ 350ಯೋ?

ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರಿನಲ್ಲಿದ್ದು, ಹಳೆಯ ವೇಗದ ಮೋಟಾರ್ ಸೈಕಲ್ಲೊಂದನ್ನು ಕೊಳ್ಳಬೇಕೆಂದು ಹೊರಟವರಿಗೆ ಎರಡು ಹೆಸರುಗಳು ಬೇಗನೆ ಕಿವಿಗೆ ಬೀಳುತ್ತವೆ. ಒಂದು ನಮ್ಮ ಮೈಸೂರಿನಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್. ಮತ್ತೊಂದು ಎಸ್ಕಾರ್ಟ್ಸ್ ಕಂಪನಿಯವರು ಜಪಾನಿನ ಯಮಹಾದ ನೆರವಿನಿಂದ ತಯಾರಿಸಿದ ರಾಜದೂತ 350. ಕೊಳ್ಳುವುದು ಓಡಿಸುವುದಕ್ಕೋ, ಒರೆಸಿ ನಿಲ್ಲಿಸುವುದಕ್ಕೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಹಣ ಕೊಟ್ಟ ಮೇಲೆ ಯೋಚಿಸಿ ಫಲವಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರಲಾರಂಭಿಸಿದುವು. 1973ರಿಂದ ಅವುಗಳಿಗೆ ಯೆಜ್ಡಿಯೆಂದು ಹೆಸರಾಯಿತು. ರೋಡ್‌ಕಿಂಗ್ 1978ರಲ್ಲಿ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇದರ ಎರಡು ಹೊಗೆ ಕೊಳವೆಗಳನ್ನು ಕಂಡು ಎರಡು ಸಿಲಿಂಡರೆಂದು ಭ್ರಮಿಸುವವರುಂಟು. ಇರುವುದು ಒಂದೇ ಸಿಲಿಂಡರು, ಒಂದೇ ಕಾರ್ಬ್ಯುರೇಟರು, ಸುಮಾರು 250 ಸಿ.ಸಿ., 16 ಅಶ್ವಶಕ್ತಿ, ನಾಲ್ಕು ಗೇರು. ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗಿರುವುದು ಹೊಸಬರಿಗೆ ಬೆರಗು.

ರಾಜದೂತ 350ರದು ಬೇರೆಯೇ ಗತ್ತು. 1983ರಲ್ಲಿ ಬಂದ ಇದಕ್ಕೆ ಎರಡು ಸಿಲಿಂಡರು, 347 ಸಿ.ಸಿ., ಆರು ಗೇರು. ಮೊದಲಿಗೆ ಸುಮಾರು 30 ಅಶ್ವಶಕ್ತಿ; ಬಳಿಕ ಬಂದ ಮಾದರಿಯಲ್ಲಿ 27ಕ್ಕೆ ಇಳಿಸಿದರು. ಅಂದಿನ ನಮ್ಮ ರಸ್ತೆಗಳಲ್ಲಿ ಇದಕ್ಕೆ ಸಾಟಿಯಿರಲಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ. ಆದರೆ ಜಪಾನಿನ ಮೂಲ ಗಾಡಿಯ ಮುಂಚಕ್ರಕ್ಕಿದ್ದ ಡಿಸ್ಕ್ ಬ್ರೇಕಿನ ಬದಲು ಇಲ್ಲಿ ಡ್ರಮ್ ಬ್ರೇಕನ್ನಿಟ್ಟರು. ಓಡುವ ಶಕ್ತಿಗೆ ನಿಲ್ಲುವ ಶಕ್ತಿ ಹೊಂದಲಿಲ್ಲ. ದನಕರುಗಳೂ ಟ್ರ್ಯಾಕ್ಟರುಗಳೂ ಅಡ್ಡಬರುವ ಹಳ್ಳಿಯ ದಾರಿಯಲ್ಲಿ ಇದು ಸಣ್ಣ ಮಾತಲ್ಲ. ಪೆಟ್ರೋಲನ್ನೂ ಅದು ಧಾರಾಳವಾಗಿಯೇ ಕುಡಿಯುತ್ತದೆ.

ಎಣ್ಣೆಯ ವಿಷಯ ಹೇಳಲೇಬೇಕು. ಎರಡೂ ಟೂ ಸ್ಟ್ರೋಕ್ ಯಂತ್ರಗಳು. ರೋಡ್‌ಕಿಂಗಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಮರೆತರೆ ಪಿಸ್ಟನ್ ಕಚ್ಚಿಕೊಂಡಿತೆಂದೇ ತಿಳಿಯಿರಿ. ರಾಜದೂತದಲ್ಲಿ ಎಣ್ಣೆಗೆ ಬೇರೆ ತೊಟ್ಟಿಯೂ ಪಂಪೂ ಇವೆ. ಅನುಕೂಲವೇನೋ ಹೌದು, ಆದರೆ ಮುದಿ ಪಂಪು ಕೈಕೊಟ್ಟರೆ ಸವಾರನಿಗೆ ಸುಳಿವೇ ಸಿಗದು. ಜೊತೆಗೆ ಎರಡು ಕಾರ್ಬ್ಯುರೇಟರುಗಳನ್ನು ಸಮಕ್ಕೆ ತರಬೇಕು. ಅದು ಎಲ್ಲ ಮೆಕ್ಯಾನಿಕ್ಕರ ಕೈಗೆ ಬಗ್ಗುವ ಕೆಲಸವಲ್ಲ.

ಲಕ್ಕೂರಿನಿಂದ ಮಾಲೂರಿನ ಸಂತೆಗೋ, ನರಸಾಪುರದ ಕಾರ್ಖಾನೆಯ ಕೆಲಸಕ್ಕೋ ಆಗಾಗ ಹೋಗಿಬರುವವರಿಗೆ ನಾನಾದರೆ ರೋಡ್‌ಕಿಂಗನ್ನೇ ಹೇಳುತ್ತೇನೆ. ಸಂಗ್ರಹಕಾರರು ರಾಜದೂತಕ್ಕೆ ಮನಸೋತರೆ ತಪ್ಪೆನ್ನಲಾರೆ. ಅವರಿಗೆ ಕೈಯಲ್ಲಿ ಹಣವೂ ಕಾಯುವ ತಾಳ್ಮೆಯೂ ಬೇಕು.

ಯಾವುದನ್ನೇ ಕೊಳ್ಳಲಿ, ಬಣ್ಣದ ಹೊಳಪಿಗೆ ಮರುಳಾಗದೆ ಇಂಜಿನ್ ಮತ್ತು ಚಾಸಿ ನಂಬರುಗಳನ್ನು ಆರ್.ಸಿ. ಪುಸ್ತಕದೊಡನೆ ತಾಳೆ ನೋಡತಕ್ಕದ್ದು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಯನ್ನು ಪುರಾತನ ವಾಹನವೆಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ್ದನ್ನು ದಿನನಿತ್ಯ ಓಡಿಸುವಂತಿಲ್ಲ. ಮೊದಲ ರೋಡ್‌ಕಿಂಗುಗಳಿಗೆ ಆ ವಯಸ್ಸು ತುಂಬುವುದು 2028ರಲ್ಲಿ, ಮೊದಲ ರಾಜದೂತ 350ಗಳಿಗೆ 2033ರಲ್ಲಿ. ಅಲ್ಲಿಯವರೆಗೆ ಐದೈದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣಕ್ಕೆ ಆರ್.ಟಿ.ಓ. ಕಚೇರಿಯ ಮೆಟ್ಟಿಲು ಹತ್ತುವುದು ತಪ್ಪದು.